ಇಎಂಐ ಯಾವ ಕಾಲಂಗೆ ಬರುತ್ತೆ?

ನಿನ್ನೆ ಸಂಜೆ ಜಯನಗರದಲ್ಲಿ ಮಳೆ ಹಿಡ್ಕೊಂಡಿತ್ತು. ಛತ್ರಿ ಮರೆತ ತಪ್ಪಿಗೆ ಒಂದು ಕಾಫಿ ಅಂಗಡಿಗೆ ನುಗ್ಗಿದೆ. ಕಾಫಿಗೆ 180 ರೂಪಾಯಿ ಕಿತ್ಕೊಂಡು, ಲೋಟದ ಬದಲು ಬೋಗುಣಿಯಲ್ಲಿ ಕೊಡೋ ಜಾತಿಯ ಅಂಗಡಿ. ಪಕ್ಕದ ಟೇಬಲ್‌ನಲ್ಲಿ ಇಬ್ಬರು. ಒಬ್ಬ ಮೂವತ್ತು ದಾಟಿದ ಹುಡುಗ, ಹೆಗಲಿಂದ ಬ್ಯಾಗ್ ಇಳಿಸದೇ ಕೂತಿದ್ದ. ಇನ್ನೊಬ್ಬರು 'ಫಿಲಾಸಫಿ ಕೋಚ್' ಅಂತೆ. ಕದ್ದು ಕೇಳೋದು ತಪ್ಪು ಅಂತ ನನಗೂ ಗೊತ್ತು. ಆದರೆ ಆ ಕೋಚ್ ರೋಮನ್ ಕಾಲದ ತತ್ವಜ್ಞಾನಿ ಎಪಿಕ್ಟೀಟಸ್ ಹೆಸರು ಎತ್ತಿದ. ಇಪ್ಪತ್ತೆರಡು ವರ್ಷ ತತ್ವಶಾಸ್ತ್ರವನ್ನೇ ಪಾಠ ಮಾಡಿ, ಕೊನೆಗೆ ವಿಭಾಗಕ್ಕೇ ಬೀಗ ಬಿದ್ದು, 'ಕಮ್ಯುನಿಕೇಷನ್ ಸ್ಕಿಲ್ಸ್' ಕಲಿಸಿ ರಿಟೈರ್ ಆದವಳ ಕಿವಿ ಸುಮ್ಮನಿರುತ್ತಾ?

ಹುಡುಗನಿಗೆ ಕೆಲಸ ಹೋಗಿ ಮೂರು ತಿಂಗಳು. ಹೆಂಡತಿಗೆ ಗೊತ್ತು, ಜೊತೆಗಿರೋ ಅಪ್ಪನಿಗೆ ಹೇಳಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಮನೆಯಿಂದ ಹೊರಡ್ತಾನೆ. ಕೋಚ್ ಟಿಶ್ಯೂ ಪೇಪರ್ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ. ಎಡಗಡೆ 'ನನ್ನ ಕೈಲಿರೋದು', ಬಲಗಡೆ 'ನನ್ನ ಕೈಲಿಲ್ಲದ್ದು'. ಬರೀರಿ ಅಂದ. ಹುಡುಗ ಪೆನ್ ಹಿಡಿದು ಸುಮಾರು ಹೊತ್ತು ಕೂತ. ಆಮೇಲೆ ಕೇಳಿದ: "ಸರ್, ಇಎಂಐ ಯಾವ ಕಾಲಂಗೆ ಬರುತ್ತೆ?"

ಎದ್ದು ಹೋಗಿ ಬೆನ್ನು ತಟ್ಟೋಣ ಅನ್ನಿಸಿತು. ವರ್ಷಕ್ಕೆ ಒಬ್ಬ ಇಂಥ ಪ್ರಶ್ನೆ ಕೇಳಿದ್ದರೂ ನನ್ನ ಸರ್ವೀಸು ಸಾರ್ಥಕವಾಗ್ತಿತ್ತು. ಕೋಚ್ ಏನಂದ ಗೊತ್ತಾ? "ಇಎಂಐ ನಿಮ್ಮ ಕೈಲಿಲ್ಲ. ಅದರ ಬಗ್ಗೆ ನಿಮ್ಮ ರಿಯಾಕ್ಷನ್ ನಿಮ್ಮ ಕೈಲಿದೆ." ಮುಗೀತು. ಐದನೇ ತಾರೀಕು ಬ್ಯಾಂಕಿಗೆ ರಿಯಾಕ್ಷನ್ನೇ ಕಟ್ಟಿದರೆ ಆಯ್ತು.

ನನ್ನ ಸಿಟ್ಟು ಇಷ್ಟೇ. ತತ್ವಶಾಸ್ತ್ರ ಇರೋದು ಪ್ರಶ್ನೆ ಕೇಳೋಕೆ. ಇವರು ಅದನ್ನ ಪ್ರಶ್ನೆ ಕೇಳೋನ ಬಾಯಿ ಮುಚ್ಚಿಸೋಕೆ ಇಟ್ಕೊಂಡಿದ್ದಾರೆ.

ಬದುಕಿನ ತಾಪತ್ರಯಕ್ಕೆ ತತ್ವಜ್ಞಾನಿಯ ಹತ್ತಿರ ಹೋಗಬಾರದು ಅಂತ ನಾನು ಹೇಳ್ತಿಲ್ಲ. ಹೋಗಲೇಬೇಕು. 1981ರಲ್ಲಿ ಜರ್ಮನಿಯ ಕಲೋನ್ ಹತ್ತಿರದ ಒಂದು ಊರಲ್ಲಿ ಗೆರ್ಡ್ ಆಖೆನ್‌ಬಾಖ್ ಅನ್ನೋರು ಡಾಕ್ಟರು ಕ್ಲಿನಿಕ್ ತೆಗೆಯೋ ಹಾಗೆ ತತ್ವಶಾಸ್ತ್ರಕ್ಕೇ ಒಂದು ಪ್ರಾಕ್ಟೀಸ್ ತೆಗೆದರು. ಬಂದವರನ್ನ ರೋಗಿ ಅಂದವರಲ್ಲ, ಅತಿಥಿ ಅಂತಿದ್ದರು. ಎಲ್ಲರಿಗೂ ಹೊಂದೋ ಒಂದು ಸಿದ್ಧ ವಿಧಾನ ಅಂತ ಇಲ್ಲವೇ ಇಲ್ಲ ಅನ್ನೋದು ಅವರ ಹಟ. ಅಂದರೆ ಟಿಶ್ಯೂ ಇಲ್ಲ, ಕಾಲಂ ಇಲ್ಲ. ಕೂತ್ಕೊ, ಮಾತಾಡು, ನೋಡೋಣ.

ಇನ್ನು ಪಾಪ ಎಪಿಕ್ಟೀಟಸ್. ಗುಲಾಮನಾಗಿದ್ದವನು, ಕುಂಟ. ರೋಮ್‌ನಿಂದ ತತ್ವಜ್ಞಾನಿಗಳನ್ನೆಲ್ಲ ಓಡಿಸಿದಾಗ ಗ್ರೀಸಿನ ಕಡೆ ಹೋಗಿ ಪಾಠಶಾಲೆ ಮಾಡಿದ. ಕೈಲಿರೋದು, ಇಲ್ಲದ್ದು ಅನ್ನೋ ಲೆಕ್ಕ ಅವನದೇ, ಒಪ್ಪಿದೆ. ಆದರೆ ಅದನ್ನ ಅವನು ಹೇಳಿದ್ದು ಎದುರಿಗೆ ಕೂತ ಶಿಷ್ಯರನ್ನ ಕೆಣಕಿ, ಜಗಳ ಆಡಿ. ತತ್ವಜ್ಞಾನಿಯ ಶಾಲೆ ಅಂದರೆ ಆಸ್ಪತ್ರೆ, ಅಲ್ಲಿಂದ ಹೊರಗೆ ಬರುವಾಗ ನಿಮಗೆ ಹಿತವಲ್ಲ, ನೋವು ಆಗಿರಬೇಕು ಅಂದವನೂ ಅವನೇ. ಆ ಮನುಷ್ಯನ ಹೆಸರಲ್ಲಿ ಈಗ ನಮಗೆ ಸಿಗ್ತಿರೋದು ಜೋಗುಳ.

"ಮೇಡಂ, ನಿಮ್ದು ಅತಿ ಆಯ್ತು, ಅವನಿಗೆ ಬೇಕಾಗಿರೋದು ನಿಮ್ಹಾನ್ಸ್" ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕ್ತೀರಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಸಾಯೋ ಯೋಚನೆ ಬರುತ್ತೆ ಅಂದರೆ ಮೊದಲು ಅಲ್ಲಿಗೇ ಹೋಗಿ, ಇಲ್ಲಾ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪ್ಪನ ಮುಂದೆ ಸೋತೆ ಅಂತ ಹೇಳೋಕಾಗದೇ ಇರೋದು ಕಾಯಿಲೆಯಾ? ಸೋಲು ಅಂತ ಯಾವುದಕ್ಕೆ ಅಂತೀವಿ, ಅಪ್ಪನಿಗೆ ನಾನು ಏನನ್ನ ಬಾಕಿ ಇದ್ದೀನಿ, ಆ ಫ್ಲಾಟು ಬೇಕು ಅಂತ ನಿಜವಾಗಿ ಯಾರಿಗೆ ಅನ್ನಿಸಿತ್ತು? ಇವಕ್ಕೆ ಮಾತ್ರೆ ಇಲ್ಲ. ಅಪ್ಪಟ ತತ್ವಶಾಸ್ತ್ರದ ಪ್ರಶ್ನೆಗಳು. ಒಂದನ್ನೂ ಆ ಕೋಚ್ ಕೇಳಲಿಲ್ಲ.

ಕೋಚ್ ಒಬ್ಬನನ್ನೇ ಬೈದು ಏನು ಬಂತು. ನಮ್ಮ ಮನೆ ಗ್ರೂಪಲ್ಲಿ ಯಾರಿಗಾದರೂ ಆಪರೇಷನ್ ಅಂದರೆ ಐದು ನಿಮಿಷಕ್ಕೆ ಒಂದು ಕಗ್ಗ ಬಂದು ಬೀಳುತ್ತೆ. 945 ಪದ್ಯಗಳಲ್ಲಿ ಅದೇ ಹತ್ತು ಹನ್ನೆರಡು, ಗುಲಾಬಿ ಹೂವಿನ ಮೇಲೆ. ಆ ಪುಸ್ತಕ ಶುರುವಿನಲ್ಲೇ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತೆ ಮಾರಾಯ್ರೇ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಗೀತೆಯದೂ ಇದೇ ಪಾಡು. ಮೊದಲ ಅಧ್ಯಾಯ ತೆಗೆದು ನೋಡಿ. ಪೂರ್ತಿ ಅಧ್ಯಾಯದಲ್ಲಿ ಕೃಷ್ಣ ಬಾಯಿ ಬಿಡೋದು ಒಂದೇ ಸಲ, ಅದೂ 'ಅಲ್ಲಿ ನೋಡು' ಅನ್ನೋಕೆ. ಆಮೇಲೆ ಅರ್ಜುನ ಗಂಟಲು ಒಣಗೋ ತನಕ ಮಾತಾಡ್ತಾನೆ. ಎರಡನೇ ಅಧ್ಯಾಯದಲ್ಲಿ ಕೃಷ್ಣ ಬೈತಾನೆ, ನಿಜ. ಕೇಳಿಸ್ಕೊಂಡು ಬೈದ!

ಇಷ್ಟೆಲ್ಲ ಉರೀತಿದ್ದೀನಲ್ಲ, ಕಾರಣ ಇದೆ. ಅಪ್ಪ ಹೋದ ಹದಿನೈದನೇ ದಿನ ಅಮ್ಮ ಬೀರು ಖಾಲಿ ಮಾಡ್ತಿದ್ದಳು. ಅಪ್ಪನ ಪಂಚೆಗಳು, ಕರಿ ಅಂಚಿನವು, ಮಂಚದ ಮೇಲೆ ರಾಶಿ. ನಾನು ಬಾಗಿಲ ಹತ್ತಿರ ನಿಂತು ಅನಿತ್ಯ, ಅಂಟು, ಬುದ್ಧ, ಸೆನೆಕಾ ಅಂತ ಏನೇನೋ ಹೇಳಿದೆ. ಕ್ಲಾಸಲ್ಲಿ ಹೇಳೋ ದನಿಯಲ್ಲೇ ಹೇಳಿದೆ ಅಂತ ಈಗ ನೆನೆಸಿಕೊಂಡರೆ ಮೈಯೆಲ್ಲ ನಾಚಿಕೆ. ಅಮ್ಮ ಪೂರ್ತಿ ಕೇಳಿದಳು. ಆಮೇಲೆ ಒಂದು ಪಂಚೆ ಬಿಡಿಸಿ, ಅದರ ಒಂದು ತುದಿ ನನ್ನ ಕಡೆ ಚಾಚಿ, "ಆ ಕಡೆ ಹಿಡ್ಕೋ, ಒಬ್ಬಳಿಗೆ ಮಡಿಸೋಕಾಗಲ್ಲ" ಅಂದಳು. ಹನ್ನೊಂದು ಪಂಚೆ ಮಡಿಸಿದ್ವಿ. ಏಳನೆಯದೋ ಎಂಟನೆಯದೋ ಹೊತ್ತಿಗೆ ಅವಳೇ ಶುರು ಮಾಡಿದಳು, ಅಪ್ಪನ ಮೇಲೆ ಅವಳಿಗಿದ್ದ ನಲವತ್ತು ವರ್ಷದ ಸಿಟ್ಟು. ನನಗೆ ಗೊತ್ತೇ ಇರಲಿಲ್ಲ.

ನಿನ್ನೆ ಮಳೆ ನಿಂತ ಮೇಲೆ ಕೋಚ್ ಫೋನ್ ತಿರುಗಿಸಿ ಕ್ಯೂಆರ್ ಕೋಡ್ ತೋರಿಸಿದ. ಹುಡುಗ ಸ್ಕ್ಯಾನ್ ಮಾಡಿದ. ಟಿಶ್ಯೂ ನಾಲ್ಕಾಗಿ ಮಡಿಸಿ ಜೇಬಿಗಿಟ್ಕೊಂಡ, ಎರಡು ಕಾಲಮ್ಮೂ ಖಾಲಿ. 'ಅಪ್ಪನಿಗೆ ಯಾಕಪ್ಪಾ ಹೇಳಿಲ್ಲ' ಅನ್ನೋ ಪ್ರಶ್ನೆ ನನ್ನ ಬಾಯಿ ತುದಿಗೇ ಬಂದಿತ್ತು. ಕೇಳಲಿಲ್ಲ. ಯಾರೋ ಮುದುಕಿ, ಪರಿಚಯ ಇಲ್ಲ, ಹೇಗೆ ಕೇಳೋದು ಅಂತ ಸುಮ್ಮನಾದೆ. ಅವನು ಬಾಗಿಲಲ್ಲಿ ನಿಂತು ವಾಚ್ ನೋಡ್ಕೊಂಡ. ಆರೂವರೆ. ಇನ್ನೂ ಬೇಗ ಆಯ್ತು ಅನ್ನೋ ಹಾಗೆ ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂತ.