ನೆನಪಿಲ್ಲದವಳು ಆತ್ಮಕಥೆ ಬರೆಯಬಾರದಾ?

ನಿನ್ನೆ ನಮ್ಮ ಓದುಗರ ಬಳಗದಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಯಿಂದ ನನಗೆ ಇನ್ನೂ ತಲೆ ಬಿಸಿ ಇಳಿದಿಲ್ಲ. ಅಲ್ಲೇ ಜಗಳ ಆಡಿದೆ. ಸಾಲಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ.

ಮಾತು ಬಂದದ್ದು ಅಮೆರಿಕದ ಕ್ರಿಸ್ ಕಾಸ್ಟ್ನರ್ ಸೈಜ್‌ಮೋರ್ ಬಗ್ಗೆ. ಒಬ್ಬಳೇ ಹೆಂಗಸು, ಒಳಗೆ ಬೇರೆ ಬೇರೆ ಹೆಸರು, ಸ್ವಭಾವದವರು. ಒಬ್ಬಳು ಹೋಗಿ ದುಬಾರಿ ಬಟ್ಟೆ ತಂದರೆ, ಗಂಡನ ಹತ್ತಿರ ಬೈಸಿಕೊಳ್ಳುವವಳು ಇನ್ನೊಬ್ಬಳು. ತಂದದ್ದು ಅವಳಿಗೆ ಗೊತ್ತೇ ಇಲ್ಲ! ಇದಕ್ಕೆ ಈಗ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅನ್ನುತ್ತಾರೆ. 1994ರವರೆಗೆ ಮಲ್ಟಿಪಲ್ ಪರ್ಸನಾಲಿಟಿ ಅನ್ನುತ್ತಿದ್ದರು. "ಓ, ನಮ್ಮ ನಾಗವಲ್ಲಿ ಥರ" ಅಂತ ಹಿಂದಿನಿಂದ ಒಂದು ದನಿ. ಬಿಡಿ, ಈ ಮಾತು ಎತ್ತಿದರೆ 'ಆಪ್ತಮಿತ್ರ' ಸಿನಿಮಾ ಬಂದೇ ಬರುತ್ತೆ. ಆಮೇಲೆ ಹಿರಿಯರು ಕೇಳಿದರು: "ನೆನಪೇ ಇಲ್ಲದವರು ಆತ್ಮಕಥೆ ಬರೆದರೆ ನಂಬೋದು ಹೇಗಮ್ಮಾ?"

ನಾನು ಪ್ರೂಫ್ ತಿದ್ದಿ ಹೊಟ್ಟೆ ಹೊರೆಯುವವಳು ಅಂತ ನಿಮಗೆ ಗೊತ್ತಲ್ಲ. ನಿವೃತ್ತ ಅಧಿಕಾರಿಗಳ ಆತ್ಮಕಥೆ ಎಷ್ಟು ನೋಡಿದ್ದೇನೋ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಬೆನ್ನು ತಟ್ಟಿ ಹೇಳಿದ ಮಾತು ಅಕ್ಷರ ಬಿಡದೆ ನೆನಪಿರುತ್ತೆ ಅವರಿಗೆ. ಟ್ರಾನ್ಸ್‌ಫರ್ ಯಾಕಾಯಿತು ಅನ್ನೋದು ಮಾತ್ರ ಮರೆತಿರುತ್ತೆ. ಅವರನ್ನು ಯಾರೂ ಕೇಳಲ್ಲ.

ಕ್ರಿಸ್ ಕಥೆಯನ್ನು ಮೊದಲು ಬರೆದವರು ಅವರ ಇಬ್ಬರು ಡಾಕ್ಟರುಗಳು, ಥಿಗ್ಪೆನ್ ಮತ್ತು ಕ್ಲೆಕ್ಲಿ. 1957ರ 'ದ ತ್ರೀ ಫೇಸಸ್ ಆಫ್ ಈವ್'. ಈವ್ ಅನ್ನೋದು ಅವರು ಕ್ರಿಸ್‌ಗೆ ಇಟ್ಟ ಹೆಸರು. ಅದೇ ವರ್ಷ ಸಿನಿಮಾ. ಅದರ ನಾಯಕಿ ಜೊಯಾನ್ ವುಡ್‌ವರ್ಡ್‌ಗೆ ಆಸ್ಕರ್. ಮೂರು ಮುಖ, ಕೊನೆಗೆ ಒಂದು ಮುಖ, ಎಲ್ಲ ಸರಿಹೋಯಿತು, ಶುಭಂ. 1977ರಲ್ಲಿ ಕ್ರಿಸ್ ತಾವೇ, ಸೋದರಸಂಬಂಧಿ ಎಲೆನ್ ಪಿಟಿಲ್ಲೊ ಜೊತೆ ಸೇರಿ, 'ಐಯಾಮ್ ಈವ್' ಬರೆದು ಹೇಳಿದ್ದೇನು? ಮೂರಲ್ಲ, 20ಕ್ಕೂ ಹೆಚ್ಚು. ಡಾಕ್ಟರ ಪುಸ್ತಕ ಮುಗಿದ ಮೇಲೂ ಕಾಯಿಲೆ ವರ್ಷಗಟ್ಟಲೆ ಇತ್ತು. ಹಾಗಾದರೆ ಯಾರ ಪುಸ್ತಕದಲ್ಲಿ ಖಾಲಿ ಜಾಗ ಜಾಸ್ತಿ ಇತ್ತು ಸ್ವಾಮಿ?

'ಆಪ್ತಮಿತ್ರ'ದಲ್ಲೂ ಹಾಗೇ ಅಲ್ವಾ? ನಾಗವಲ್ಲಿಯಾಗುವ ಗಂಗಾಗೆ ಏನಾಗಿದೆ ಅಂತ ನಮಗೆಲ್ಲ ಬಿಡಿಸಿ ಹೇಳೋದು ವಿಷ್ಣುವರ್ಧನ್ ಡಾಕ್ಟರು. ಗಂಗಾನ ಯಾರು ಕೇಳಿದರು?

ಕ್ರಿಸ್‌ದು ಒಂದು ಪತ್ರ ಇದೆ. ಡಾಕ್ಟರಿಗೆ ಬಂದದ್ದು. ಸಹಿ ಇಲ್ಲ. ಮೇಲಿಂದ ನೀಟಾದ ಅಕ್ಷರ. ಕೊನೆಯ ಸಾಲುಗಳಿಗೆ ಬಂದರೆ ಮಕ್ಕಳು ಗೀಚಿದ ಹಾಗೆ, ಬೇರೆಯೇ ಕೈ. ನಾನಾಗಿದ್ದರೆ ಅದರ ಮೇಲೆ ಕೆಂಪು ಪೆನ್ನು ಇಡುತ್ತಿರಲಿಲ್ಲ. ಆತ್ಮಕಥೆ ಅಂದರೆ ಅದೇ ರೀ.

ಇನ್ನೊಬ್ಬರು ಎದ್ದರು. "ಸಿಬಿಲ್ ಕೇಸು ಬರೀ ಬುರುಡೆ ಅಂತ ಆಮೇಲೆ ಗೊತ್ತಾಯಿತಲ್ಲ?" ಸಿಬಿಲ್ ಅಂದರೆ ಇದೇ ಕಾಯಿಲೆಯ ಇನ್ನೊಂದು ಹೆಸರಾಂತ ಕೇಸು, ರೋಗಿಗೆ ಪುಸ್ತಕದಲ್ಲಿ ಇಟ್ಟ ಹೆಸರು ಅದು. ಅನುಮಾನ ಇರೋದು ನಿಜ, ಡಾಕ್ಟರೇ ಹೇಳಿಕೊಟ್ಟು ಆಡಿಸಿದ್ದು ಅನ್ನುವವರಿದ್ದಾರೆ. ಆದರೆ 1973ರ ಆ ಪುಸ್ತಕ ಬರೆದದ್ದು ಪತ್ರಕರ್ತೆ, ರೋಗಿಯಲ್ಲ. ರೋಗಿ ಶರ್ಲಿ ಮೇಸನ್ 1958ರಲ್ಲೇ, ತನಗೆ ಅಂಥದ್ದೇನೂ ಇಲ್ಲ ಅಂತ ಡಾಕ್ಟರಿಗೆ ಬರೆದಿದ್ದರು. ಡಾಕ್ಟರು ಅದನ್ನೂ ಕಾಯಿಲೆಯ ಲೆಕ್ಕಕ್ಕೇ ಸೇರಿಸಿಬಿಟ್ಟರು. ಇದೆ ಅಂದರೂ ನಂಬಲ್ಲ, ಇಲ್ಲ ಅಂದರೂ ನಂಬಲ್ಲ. ರೋಗಿಯ ಬಾಯಿಂದ ಬಂದರೆ ಮಾತ್ರ ನಂಬಲ್ಲ!

ಅಮ್ಮ ತೀರಿಕೊಂಡ ವಾರ ನಮ್ಮನೇಲಿ ಅಡುಗೆ ಯಾರು ಮಾಡಿದರು, ನನಗೆ ಗೊತ್ತಿಲ್ಲ. ತಂಗಿ ಹೇಳುತ್ತಾಳೆ, "ನೀನೇ ಕಣೇ." ನನಗೆ ಆ ಕಾಯಿಲೆ ಇಲ್ಲ, ಎರಡೂ ಒಂದೇ ಅನ್ನುತ್ತಲೂ ಇಲ್ಲ. ಆದರೆ ಆ ವಾರದ ಬಗ್ಗೆ ಬರೆಯಬೇಡ ಅಂತ ಯಾರಾದರೂ ಅಂದರೆ ಸುಮ್ನಿರಲ್ಲ.

ಎಲ್ಲಕ್ಕಿಂತ ಉರಿಯುವುದು ಬೇರೆ. ಸಿನಿಮಾ ಹಕ್ಕು ಬರೆಸಿಕೊಳ್ಳುವಾಗ ಕಂಪನಿಯ ವಕೀಲರು ಕ್ರಿಸ್ ಸಹಿ ಒಂದಕ್ಕೇ ಬಿಡಲಿಲ್ಲ. ಡಾಕ್ಟರ ಪುಸ್ತಕದ ಆ ಮೂವರ ಹೆಸರಲ್ಲೂ ಬೇರೆ ಬೇರೆ ಸಹಿ ಹಾಕಿಸಿಕೊಂಡರು. ಆಗ ಯಾರಿಗೂ ಅನುಮಾನ ಬರಲಿಲ್ಲ. ಆ ಕಾಗದ ಹಿಡಿದೇ 1980ರ ದಶಕದ ಕೊನೆಗೆ "ನಿನ್ನ ಬದುಕಿನ ಕಥೆ ನಮ್ಮದು" ಅಂದರು. ಕ್ರಿಸ್ ಕೋರ್ಟಿಗೆ ಹೋದರು. ಕೊನೆಗೆ ಕೋರ್ಟಿನ ಹೊರಗೇ ರಾಜಿ ಆಯಿತು. ಈಗ ಕಾಮೆಂಟಿನಲ್ಲಿ ನನಗೆ ಬುದ್ಧಿ ಹೇಳೋರು ಬನ್ನಿ.