ಎಡಗಡೆಗೆ ಬಲಗಡೆಯ ಕ್ಯಾಲಿಪರ್

"ತಗೊಂಡು ಹೋಗಿ ಸಾರ್, ಕೂತ್ಕೊಳ್ಳುತ್ತೆ." ಗುಜರಿ ಅಂಗಡಿಯ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಹೋದ ತಿಂಗಳು ನನ್ನ ಹಳೇ ಕಾರಿನ ಮುಂದಿನ ಎಡ ಚಕ್ರಕ್ಕೆ ಬ್ರೇಕ್ ಕ್ಯಾಲಿಪರ್ ಬೇಕಿತ್ತು, ಅಂದರೆ ಚಕ್ರದ ಜೊತೆ ತಿರುಗೋ ಡಿಸ್ಕನ್ನು ಅದುಮಿ ಹಿಡಿದು ನಿಲ್ಲಿಸೋ ಭಾಗ. ಹೊಸದು ದುಬಾರಿ ಅಂತ ಸೆಕೆಂಡ್ ಹ್ಯಾಂಡ್ ತಂದೆ. ಬೋಲ್ಟ್ ಸರಿಯಾಗೇ ಕೂತಿತು. ಆದರೆ ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿಯನ್ನು ಹೊರಗೆ ಬಿಡೋ ಬ್ಲೀಡರ್ ನಿಪ್ಪಲ್ ಕೆಳಗೆ ಬಂದಿತ್ತು! ಕೊಟ್ಟಿದ್ದು ಬಲಗಡೆಯದು. ಗಾಳಿ ಮೇಲಕ್ಕೆ ಏರುತ್ತದೆ, ನಿಪ್ಪಲ್ ಮೇಲಿದ್ದರೆ ತಾನೇ ಹೊರಗೆ ಬರೋದು? ಮೆಕ್ಯಾನಿಕ್ ಎಷ್ಟು ಪಂಪ್ ಮಾಡಿಸಿದರೂ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿತ್ತು. ಅರ್ಧ ದಿನ ಹಾಳು.

ಡಿಸ್ಕಿನದೂ ಇದೇ ಗೋಳು. ಕಾರಿನ ಹೆಸರು ಒಂದೇ ಆದರೂ ವರ್ಷ, ಇಂಜಿನ್ ಬದಲಾದರೆ ಅಳತೆ ಬೇರೆ ಇರಬಹುದು. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ತುಕ್ಕು ಉಜ್ಜಿ ಓದೋಣ ಅಂದರೆ "ಬೇಗ ಹೇಳಿ ಸಾರ್" ಅಂತ ಅವಸರ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋ ವ್ಯವಸ್ಥೆ) ಕಡ್ಡಾಯ. ಅದಿಲ್ಲದ ಹಳೇ ಕಾರಿನ ಹಬ್, ಅಂದರೆ ಚಕ್ರ ಕೂರೋ ಭಾಗ, ಕೊಟ್ಟರೆ ಚಕ್ರದ ವೇಗ ನೋಡೋ ಎಬಿಎಸ್ ಸೆನ್ಸರ್ ಏನನ್ನು ಓದಬೇಕು?

ಇದು ಸೀಟ್ ಕವರ್ ಅಲ್ಲ ಕಣ್ರೀ, ಬ್ರೇಕು. ಹಿಂದಿನ ಸೀಟಿನಲ್ಲಿ ನನ್ನ ಮಕ್ಕಳು ಕೂರುತ್ತಾರೆ. ಯಾವ ಕಾರಿನಿಂದ ಬಿಚ್ಚಿದ್ದು, ಯಾವ ವರ್ಷದ್ದು, ಎಡವೋ ಬಲವೋ ಅಂತ ಒಂದು ಚೀಟಿ ಅಂಟಿಸೋಕೆ ಏನು ಕಷ್ಟ?