ಏಣಿ ಹೊತ್ತು ಬರುವವರು ಯಾರು?

ಅಂತರ್ಜಾಲ ಸಂಪರ್ಕದ ಕರಪತ್ರಗಳಲ್ಲಿ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ವೇಗ. ಎಲ್ಲಕ್ಕಿಂತ ಸಣ್ಣಕ್ಷರದಲ್ಲಿರುವುದು ‘ಷರತ್ತುಗಳು ಅನ್ವಯ’ ಎಂಬ ಸಾಲು. ಎಲ್ಲಿಯೂ ಅಚ್ಚಾಗದೆ ಉಳಿಯುವ ಸಂಗತಿ ಮತ್ತೊಂದಿದೆ: ಕೇಬಲ್ ತುಂಡಾದ ದಿನ ಏಣಿ ಹೊತ್ತು ಬರುವವರು ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು. ಶಿವಮೊಗ್ಗ ಜಿಲ್ಲೆಯ ಸಾಗರದಂಥ ಮಲೆನಾಡಿನ ಊರಿನಲ್ಲಿ ನಾಲ್ಕು ಕಂಪ್ಯೂಟರುಗಳನ್ನಿಟ್ಟುಕೊಂಡು ತೆರಿಗೆ ಲೆಕ್ಕಪತ್ರದ ಕಚೇರಿ ನಡೆಸುವವರಿಗೆ ಇದೇ ಮೊದಲ ಪ್ರಶ್ನೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ವೇಗದ ಮಾತನ್ನು ಬೇಗ ಮುಗಿಸಿಬಿಡೋಣ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ನೂರು ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್ ಆದ್ದರಿಂದ ಕಡತ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಅಡಿಕೆ ಮಂಡಿಯವರ ಜಿಎಸ್‌ಟಿ ವಿವರ ತುಂಬುವುದಕ್ಕೂ ಲಾರಿ ಹೊರಡುವ ಮೊದಲು ಸರಕು ಸಾಗಣೆಯ ಇ-ವೇ ಬಿಲ್ ತೆಗೆಯುವುದಕ್ಕೂ ಅದರ ಕಾಲುಭಾಗ ಸಾಕು. ಬೆಲೆಯೂ ಅಷ್ಟೇ: 499 ಎಂದು ಬರೆದಿರುವಲ್ಲಿ ಶೇಕಡಾ 18ರ ತೆರಿಗೆ ಸೇರಿ 589 ಆಗುತ್ತದೆ. ಬಿಲ್ಲನ್ನು ಕಚೇರಿಯ ಜಿಎಸ್‌ಟಿ ಸಂಖ್ಯೆಗೇ ಬರೆಸಿಕೊಂಡರೆ ಆ ತೊಂಬತ್ತು ರೂಪಾಯಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂಪಡೆಯಬಹುದು. ಊರಿಗೆಲ್ಲ ಈ ಸಲಹೆ ಕೊಡುವ ಲೆಕ್ಕಿಗರೇ ತಮ್ಮ ಸಂಪರ್ಕವನ್ನು ಮನೆಯ ಹೆಸರಿನಲ್ಲಿ ಪಡೆದಿರುವುದುಂಟು.

ಕಷ್ಟ ಶುರುವಾಗುವುದು ನಂಬಿಕೆಯ ಲೆಕ್ಕದಲ್ಲಿ. ಮನೆಗಳಿಗೆ ಕೊಡುವ ಫೈಬರ್ ಸಂಪರ್ಕದಲ್ಲಿ ಒಂದೇ ಗಾಜಿನೆಳೆಯ ಬೆಳಕನ್ನು ಸ್ಪ್ಲಿಟರ್ ಎಂಬ ಕವಲು ಸಾಧನದ ಮೂಲಕ 32 ಅಥವಾ 64 ಕಡೆಗೆ ಹಂಚಿರುತ್ತಾರೆ. ಬೇರೆಯವರೊಡನೆ ಹಂಚಿಕೊಳ್ಳಬೇಕಿಲ್ಲದ, ದುರಸ್ತಿಯ ಗಡುವನ್ನು ಲಿಖಿತವಾಗಿ ಕೊಡುವ ಲೀಸ್ಡ್ ಲೈನ್ ಬೇಕೆಂದರೆ ಬೆಲೆ ಹಲವು ಪಟ್ಟು ಏರುತ್ತದೆ. ನಮ್ಮಂಥವರಿಗೆ ಅದು ಬೇಕಾಗಿಯೂ ಇಲ್ಲ. ಶೇಕಡಾ 99.5ರಷ್ಟು ಹೊತ್ತು ಸಂಪರ್ಕ ಇರುತ್ತದೆ ಎಂಬ ಭರವಸೆಯನ್ನೇ ತೆಗೆದುಕೊಳ್ಳಿ. ಮೂವತ್ತು ದಿನಗಳ ತಿಂಗಳಿನ 720 ಗಂಟೆಗಳಲ್ಲಿ ಉಳಿದ ಅರ್ಧ ಶೇಕಡಾ ಎಂದರೆ ಮೂರು ಗಂಟೆ ಮೂವತ್ತಾರು ನಿಮಿಷ. ಅದು ಭಾನುವಾರ ನಸುಕಿನಲ್ಲಿ ಬಂದರೆ ಯಾರಿಗೂ ತಿಳಿಯದು. ಜಿಎಸ್‌ಟಿಯ ತಿಂಗಳ ವಿವರವಾದ 3ಬಿ ಸಲ್ಲಿಸಲು ಕೊನೆಯ ದಿನವಾದ 20ನೇ ತಾರೀಖಿನ ಮಧ್ಯಾಹ್ನ ಬಂದರೆ ಗಿರಾಕಿಗೆ ವಿಳಂಬ ಶುಲ್ಕ, ನಮಗೆ ಬೈಗುಳ.

ಜುಲೈ ತಿಂಗಳ ಗಾಳಿಮಳೆಗೆ ಹಲಸಿನ ಕೊಂಬೆಯೊಂದು ಕೇಬಲ್ ಮೇಲೆ ಬಿದ್ದರೆ ಫೈಬರ್ ಬಂದು ಸೇರುವ ಗೋಡೆಯ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಮಿನುಗುತ್ತದೆ. ಬೆಳಕೇ ಬಂದು ತಲುಪುತ್ತಿಲ್ಲ ಎಂದು ಅದರ ಅರ್ಥ. ದೂರದ ಗ್ರಾಹಕ ಸೇವಾ ಕೇಂದ್ರದವರು ಆಗಲೂ ರೂಟರನ್ನು ಆರಿಸಿ ಹೊತ್ತಿಸಿ ಎಂದೇ ಸವಿನಯವಾಗಿ ಹೇಳುತ್ತಾರೆ. ಮುರಿದ ಗಾಜಿನೆಳೆ ಸ್ವಿಚ್ ಒತ್ತಿದರೆ ಕೂಡುವುದಿಲ್ಲ. ಅದಕ್ಕೆ ಕೇಬಲ್ಲಿನ ಹುಡುಗನೇ ಬರಬೇಕು. ಆತ ಜೀಪಿನ ಹಿಂಬದಿಯಲ್ಲಿ ಕೊಡೆಯ ಕೆಳಗೆ ಕುಳಿತು, ಹೊದಿಕೆ ಸುಲಿದು, 125 ಮೈಕ್ರಾನ್ ದಪ್ಪದ ಎಳೆಯನ್ನು ಸ್ಪಿರಿಟ್‌ನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದೊಳಗೆ ಎರಡು ತುದಿಗಳನ್ನು ಎದುರುಬದುರು ಇಡುತ್ತಾನೆ. ಯಂತ್ರದ ಪುಟ್ಟ ಪರದೆಯಲ್ಲಿ ಅವೆರಡೂ ಒಂದು ನೇರಕ್ಕೆ ಬರುತ್ತವೆ, ಒಂದು ಕಿಡಿ ಹಾರುತ್ತದೆ, ಅಲ್ಲಿಗೆ ಗಾಜು ಬೆಸೆದುಕೊಂಡಿರುತ್ತದೆ. ಕೊಂಬೆ ಬಿದ್ದಿರುವುದು ಯಾರ ತೋಟದ ಬದಿಗೆ ಎಂಬುದು ಕರೆ ಮಾಡುವ ಮೊದಲೇ ಅವನಿಗೆ ತಿಳಿದಿರುತ್ತದೆ. ಅಂಥವನು ಬರುವ ಕಂಪನಿಗೆ ತಿಂಗಳಿಗೆ ನೂರು ರೂಪಾಯಿ ಹೆಚ್ಚಾದರೂ ನನ್ನ ಮಟ್ಟಿಗೆ ಅದೇ ಅಗ್ಗದ ಸಂಪರ್ಕ.

ಹಾಗೆಂದು ಅವನೊಬ್ಬನನ್ನೇ ನಂಬಿ ಕೂರುವಂತಿಲ್ಲ. ಎರಡು ಕಂಪನಿಗಳ ಸಂಪರ್ಕ ಇಟ್ಟುಕೊಂಡಿದ್ದೇವೆಂದು ಬೀಗುವವರ ಎರಡು ಕೇಬಲ್‌ಗಳೂ ಮೆಸ್ಕಾಂನ ಒಂದೇ ವಿದ್ಯುತ್ ಕಂಬಕ್ಕೆ ಜೋತುಬಿದ್ದಿರುವುದುಂಟು. ಬೀಳುವ ಕೊಂಬೆ ಕಂಪನಿಯ ಹೆಸರು ನೋಡುವುದಿಲ್ಲ. ಎರಡನೆಯದು ಗಾಳಿಯಲ್ಲಿ ಬರುವ 4ಜಿ ಅಥವಾ 5ಜಿ ಆಗಿದ್ದರೆ ವಾಸಿ, ಅದೂ ಟವರಿನ ಬ್ಯಾಟರಿ ಇರುವ ತನಕ. ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಕೊಟ್ಟು ಫೈಬರಿನ ಆ ಪೆಟ್ಟಿಗೆಯನ್ನು ಮಾತ್ರ ಬರೀ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿರುವ ಕಚೇರಿಗಳೇ ಹೆಚ್ಚು. ಕರೆಂಟು ಹೋದಾಗ ಕಂಪ್ಯೂಟರುಗಳು ಎಚ್ಚರವಾಗಿದ್ದೂ ಉಪಯೋಗವಿಲ್ಲ.

ಆಯ್ಕೆಗೆ ಮುನ್ನ ಪಕ್ಕದ ಔಷಧದಂಗಡಿಯಲ್ಲಿ ವಿಚಾರಿಸುವುದು ಒಳ್ಳೆಯದು. ದಿನವಿಡೀ ಯುಪಿಐ ಹಣಕ್ಕೆ ಕಿವಿಗೊಟ್ಟು ಕುಳಿತವರಿಗೆ ಯಾವ ಕಂಪನಿ ಯಾವಾಗ ಎಷ್ಟು ಹೊತ್ತು ಮಲಗಿತ್ತು ಎಂಬುದು ಬಾಯಿಪಾಠವಾಗಿರುತ್ತದೆ. ಮತ್ತೆ, ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಉಚಿತ ಎಂದು ಏಪ್ರಿಲಿನಲ್ಲಿ ಯಾರಾದರೂ ಬಂದರೆ, ಸದ್ಯಕ್ಕೆ ತಿಂಗಳ ಲೆಕ್ಕದಲ್ಲಿಯೇ ಇರಲಿ, ಆಗಸ್ಟ್ ಕಳೆದ ಮೇಲೆ ಮಾತಾಡೋಣ ಎಂದು ಹೇಳಿ ಕಳಿಸಬಹುದು.